ಆ ಗುಟ್ಟಿನ ವಿವರ ಅವನಿಗೆ ಹೇಗೆ ಗೊತ್ತಾಯಿತು?

ಮಾಡದ ಅಪರಾಧವನ್ನು ಒಪ್ಪಿಕೊಂಡವನು, ನಿಜವಾದ ಅಪರಾಧಿಗೆ ಮಾತ್ರ ಗೊತ್ತಿರುವ ವಿವರ ಹೇಗೆ ಹೇಳುತ್ತಾನೆ ಅಂತ ಕೇಳಿದ್ದೀರಿ. ತೀರ್ಪು ಕೊಡುವವರೂ ಎಡವುವುದು ಇಲ್ಲೇ.

ಎಷ್ಟೋ ಸಲ ಆ ವಿವರ ಬರುವುದು ವಿಚಾರಣೆ ಮಾಡುವವರಿಂದಲೇ. "ಚಾಕು ಎಲ್ಲಿ ಎಸೆದೆ?" ಅಂತ ಕೇಳಿದರೆ ಸಾಕು, ಆಯುಧ ಚಾಕು ಅಂತ ಅವನಿಗೆ ತಿಳಿಯಿತಲ್ವಾ? ಫೋಟೋ ತೋರಿಸುತ್ತಾರೆ. ತಪ್ಪು ಹೇಳಿದರೆ "ಸರಿಯಾಗಿ ನೆನಪು ಮಾಡ್ಕೋ" ಅನ್ನುತ್ತಾರೆ. ಗಂಟೆಗಟ್ಟಲೆ ಹೀಗೆ ನಡೆದ ಮೇಲೆ ಕ್ಯಾಮೆರಾ ಆನ್ ಆದರೆ, ನಮಗೆ ಕಾಣುವುದು ಪಾಠ ಒಪ್ಪಿಸುವ ಕೊನೆಯ ಭಾಗ ಮಾತ್ರ.

1989ರ ನ್ಯೂಯಾರ್ಕ್ ಸೆಂಟ್ರಲ್ ಪಾರ್ಕ್ ಪ್ರಕರಣ ನೋಡಿ. ಪಾರ್ಕಿನಲ್ಲಿ ಓಡುತ್ತಿದ್ದ ಮಹಿಳೆಯ ಮೇಲೆ ಹಲ್ಲೆ, ಅತ್ಯಾಚಾರ ನಡೆದಿತ್ತು. ಆರೋಪ ಬಂದದ್ದು 14ರಿಂದ 16 ವರ್ಷದ ಐವರು ಹುಡುಗರ ಮೇಲೆ. ನಾಲ್ವರ ತಪ್ಪೊಪ್ಪಿಗೆ ವಿಡಿಯೋದಲ್ಲಿತ್ತು. ಆದರೆ ಒಬ್ಬನ ಮಾತಿಗೂ ಇನ್ನೊಬ್ಬನ ಮಾತಿಗೂ ತಾಳೆಯಾಗುತ್ತಿರಲಿಲ್ಲ. ಸಿಕ್ಕ ಡಿಎನ್‌ಎ ಐವರಲ್ಲಿ ಯಾರದ್ದೂ ಆಗಿರಲಿಲ್ಲ. ಆದರೂ ಶಿಕ್ಷೆಯಾಯಿತು! 2002ರಲ್ಲಿ ಬೇರೊಬ್ಬ ತಾನೇ ಮಾಡಿದ್ದು ಅಂದ, ಡಿಎನ್‌ಎ ಅವನದ್ದೇ ಆಗಿತ್ತು. ಅಷ್ಟರಲ್ಲಿ ಆ ಮಕ್ಕಳ ಹರೆಯವೆಲ್ಲ ಜೈಲಿನಲ್ಲೇ ಕಳೆದಿತ್ತು. ನೆನೆದರೆ ಈಗಲೂ ಕರುಳು ಹಿಂಡಿದಂತಾಗುತ್ತದೆ.

ಯಾಕೆ ಒಪ್ಪುತ್ತಾರೆ? ನಿದ್ದೆಯಿಲ್ಲ, ಭಯ, ಒಪ್ಪಿದರೆ ಮನೆಗೆ ಹೋಗಬಹುದು ಅನ್ನುವ ಆಸೆ. ಚಿಕ್ಕವರಿಗೆ ಇದರ ಅಪಾಯ ಇನ್ನೂ ಜಾಸ್ತಿ.

ಮುಂದೆ ಯಾವುದೇ ಪ್ರಕರಣ ಓದುವಾಗ ಎರಡು ವಿಷಯ ನೋಡಿ. ವಿಚಾರಣೆ ಮೊದಲ ನಿಮಿಷದಿಂದ ರೆಕಾರ್ಡ್ ಆಗಿದೆಯಾ? ಪೊಲೀಸರಿಗೆ ಮೊದಲೇ ಗೊತ್ತಿಲ್ಲದ, ಆಮೇಲೆ ಸಾಕ್ಷಿಯಿಂದ ನಿಜವಾದ ಒಂದಾದರೂ ವಿವರ ಅವನು ಕೊಟ್ಟನಾ? ಎರಡನೆಯದಕ್ಕೆ ಉತ್ತರ ಇಲ್ಲ ಅಂತಾದರೆ ನಾನಂತೂ ಆ ತಪ್ಪೊಪ್ಪಿಗೆಯನ್ನು ನಂಬುವುದಿಲ್ಲ.