ಸಕ್ಕರೆ ನೋಡುವ ಹಾಗೆ ಮನೆಯಲ್ಲೇ ಫಿಟ್ಸ್ ಮಾತ್ರೆಯ ಮಟ್ಟ ನೋಡಬಹುದಾ?

ಪ್ರಶ್ನೆ: ಅಮ್ಮನಿಗೆ 68 ವರ್ಷ. ಫಿಟ್ಸ್‌ಗೆ ಫೆನಿಟಾಯಿನ್ ತಗೊಳ್ತಿದ್ದಾರೆ. ರಕ್ತದಲ್ಲಿ ಅದರ ಮಟ್ಟ ನೋಡಿಸಲು ಪ್ರತಿ ಸಲ ಶಿವಮೊಗ್ಗಕ್ಕೆ ಕರ್ಕೊಂಡು ಹೋಗಬೇಕು. ಸಕ್ಕರೆ ನೋಡೋಕೆ ಮನೆಯಲ್ಲೇ ಮೆಷಿನ್ ಇದೆ. ಔಷಧಿಯ ಅಣುವನ್ನೇ ಅಚ್ಚು ಹಾಕಿ ಮಾಡಿದ ಸೆನ್ಸರ್ ಬಗ್ಗೆ ಓದಿದೆ. ಅದು ಸಿಗುತ್ತಾ ಸರ್?
— ಓದುಗರು, ತೀರ್ಥಹಳ್ಳಿ

ಉತ್ತರ: ಫೆನಿಟಾಯಿನ್‌ಗೆ ಮನೆಯಲ್ಲಿ ಬಳಸುವಂಥ ಮೆಷಿನ್ ಇನ್ನೂ ಬಂದಿಲ್ಲ. ಶಿವಮೊಗ್ಗದ ಓಡಾಟ ಸದ್ಯಕ್ಕೆ ತಪ್ಪುವುದಿಲ್ಲ. ಆದರೆ ನೀವು ಓದಿದ ತಂತ್ರ ನಿಜವಾದದ್ದೇ, ಬಹಳ ಚೆಂದದ್ದು ಕೂಡ.

ಸಕ್ಕರೆ ಸ್ಟ್ರಿಪ್‌ನಲ್ಲಿ ಒಂದು ಎಂಜೈಮ್ ಇರುತ್ತದೆ. ಅದು ಗ್ಲೂಕೋಸನ್ನು ಮಾತ್ರ ಹಿಡಿದು ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಆ ಕರೆಂಟನ್ನೇ ಮೆಷಿನ್ ಅಂಕಿಯಾಗಿ ತೋರಿಸುತ್ತದೆ. ಪ್ರತಿಯೊಂದು ಔಷಧಕ್ಕೂ ಇಂಥ ಎಂಜೈಮ್ ಪ್ರಕೃತಿಯಲ್ಲಿ ಎಲ್ಲಿದೆ? ಹಾಗಾಗಿ ಹಿಡಿಯುವ ಜಾಗವನ್ನು ನಾವೇ ಮಾಡಬೇಕು. ಹಸಿ ಜೇಡಿಮಣ್ಣಿಗೆ ಕೀಲಿಕೈ ಒತ್ತಿ ತೆಗೆದರೆ ಅದೇ ಆಕಾರದ ಗುಳಿ ಉಳಿಯುತ್ತದಲ್ಲ, ಹಾಗೆ. ಔಷಧದ ಸುತ್ತ ಪಾಲಿಮರ್ (ಚಿಕ್ಕ ಅಣುಗಳು ಸರಪಳಿಯಂತೆ ಕೂಡಿದ, ಪ್ಲಾಸ್ಟಿಕ್‌ನಂಥ ವಸ್ತು) ಬೆಳೆಸುತ್ತಾರೆ. ಆಮೇಲೆ ಔಷಧವನ್ನು ತೊಳೆದು ತೆಗೆಯುತ್ತಾರೆ. ಬರೀ ಆಕಾರ ಸಾಲದು. ಗುಳಿಯ ಒಳಗೋಡೆಯಲ್ಲಿ ಔಷಧದ ಜೊತೆ ಹೈಡ್ರೋಜನ್ ಬಂಧ (ಅಣುಗಳ ನಡುವಿನ ಸಡಿಲ ಹಿಡಿತ) ಕಟ್ಟುವ ಗುಂಪುಗಳೂ ಸರಿಯಾದ ಜಾಗದಲ್ಲೇ ಇರಬೇಕು.

1993ರಲ್ಲಿ ಸ್ವೀಡನ್ನಿನ ಕ್ಲಾಸ್ ಮೋಸ್‌ಬಾಕ್ ಅವರ ತಂಡ ಆಸ್ತಮಾ ಔಷಧ ಥಿಯೋಫಿಲಿನ್‌ಗೆ ಹೀಗೆ ಅಚ್ಚು ಮಾಡಿತು. ಥಿಯೋಫಿಲಿನ್‌ಗೂ ಕಾಫಿಯ ಕೆಫೀನ್‌ಗೂ ಇರುವ ವ್ಯತ್ಯಾಸ ಒಂದೇ ಒಂದು ಮೀಥೈಲ್ ಗುಂಪು (ಒಂದು ಕಾರ್ಬನ್, ಮೂರು ಹೈಡ್ರೋಜನ್). ಆದರೂ ಆ ಪಾಲಿಮರ್ ಕೆಫೀನ್‌ಗೆ ಸೊಪ್ಪು ಹಾಕಲಿಲ್ಲ. ಬೆಳಿಗ್ಗೆ ಎರಡು ಲೋಟ ಕಾಫಿ ಕುಡಿದು ಬಂದವರ ರಕ್ತ ಪರೀಕ್ಷೆ ಮಾಡುವಾಗ ಇದು ಎಷ್ಟು ದೊಡ್ಡ ವಿಷಯ ಅಂತ ಯೋಚಿಸಿ. ಆಗ ಅಳೆದದ್ದು ವಿಕಿರಣದ ಗುರುತು ಹಾಕಿ. ಅದೇ ಪಾಲಿಮರನ್ನು ಎಲೆಕ್ಟ್ರೋಡ್ (ಕರೆಂಟ್ ಹಾಯುವ ತುದಿ) ಮೇಲೆ ತೆಳುವಾಗಿ ಕೂರಿಸಿದರೆ ನೀವು ಓದಿದ ಸೆನ್ಸರ್ ಆಗುತ್ತದೆ.

ಹಾಗಾದರೆ ಮನೆಗೆ ಯಾಕೆ ಬಂದಿಲ್ಲ? ಮೊದಲ ತೊಡಕು ಪ್ರಮಾಣ. ಒಂದು ಎಂಎಲ್ ರಕ್ತದಲ್ಲಿ ಸಕ್ಕರೆ ಸುಮಾರು 1,000 ಮೈಕ್ರೋಗ್ರಾಂ ಇದ್ದರೆ, ಫೆನಿಟಾಯಿನ್ ಇರಬೇಕಾದದ್ದು 10ರಿಂದ 20 ಮೈಕ್ರೋಗ್ರಾಂ. ಅದರಲ್ಲೂ ಶೇ. 90ರಷ್ಟು ಆಲ್ಬುಮಿನ್ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಮೆದುಳಿನ ಮೇಲೆ ಕೆಲಸ ಮಾಡುವುದು ಬಿಡಿಯಾಗಿರುವ ಉಳಿದ ಪಾಲು. ಗುಳಿಗೆ ಬಂದು ಕೂರುವುದೂ ಅದೇ. ಇನ್ನು ಲಿವರ್ ಈ ಔಷಧಕ್ಕೆ ಒಂದು ಓಎಚ್ (ಆಕ್ಸಿಜನ್-ಹೈಡ್ರೋಜನ್) ಗುಂಪು ಸೇರಿಸಿ ಹೊರಗೆ ಕಳಿಸುತ್ತದೆ. ಆ ಬದಲಾದ ಅಣುವೂ ರಕ್ತದಲ್ಲೇ ಸುತ್ತುತ್ತಿರುತ್ತದೆ, ನೋಡೋಕೆ ಅಣ್ಣ-ತಮ್ಮಂದಿರ ಹಾಗೆ. ಸೆನ್ಸರ್ ಇವೆರಡನ್ನೂ ಬೇರೆ ಬೇರೆಯಾಗಿ ಗುರುತಿಸಬೇಕು. ಸಾಲದ್ದಕ್ಕೆ ರಕ್ತದ ಪ್ರೋಟೀನ್‌ಗಳು ಎಲೆಕ್ಟ್ರೋಡ್ ಮೇಲೆ ಪದರ ಕಟ್ಟಿ ಗುಳಿಗಳನ್ನೇ ಮುಚ್ಚಿಬಿಡುತ್ತವೆ.

ಇಲ್ಲಿ ತಪ್ಪು ಅಂಕಿ ಬಂದರೆ ಅಪಾಯ ಜಾಸ್ತಿ. ಫೆನಿಟಾಯಿನ್ ಒಂದು ಮಟ್ಟ ದಾಟಿದ ಮೇಲೆ ಲಿವರ್‌ಗೆ ಅದನ್ನು ಅಷ್ಟೇ ವೇಗದಲ್ಲಿ ಕರಗಿಸಲು ಆಗುವುದಿಲ್ಲ. ಡೋಸ್ ಸ್ವಲ್ಪ ಏರಿಸಿದರೂ ರಕ್ತದ ಮಟ್ಟ ಬಹಳ ಏರಬಹುದು. ಅಮ್ಮನಿಗೆ ನಡಿಗೆ ತೂರಾಡಿದರೆ, ಕಣ್ಣುಗುಡ್ಡೆ ಅದುರಿದರೆ, ಮಂಪರು ಹೆಚ್ಚಾದರೆ ಮುಂದಿನ ತಪಾಸಣೆಗೆ ಕಾಯಬೇಡಿ, ಕೂಡಲೇ ಡಾಕ್ಟರಿಗೆ ತೋರಿಸಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಪರೀಕ್ಷೆಗೆ ರಕ್ತ ಕೊಡುವುದು ಸಾಮಾನ್ಯವಾಗಿ ಮುಂದಿನ ಮಾತ್ರೆ ನುಂಗುವ ಮೊದಲು. ಆಲ್ಬುಮಿನ್ ಕೂಡ ನೋಡಬೇಕಾ ಅಂತ ಡಾಕ್ಟರನ್ನು ಕೇಳಿ. ಅದು ಕಮ್ಮಿ ಇದ್ದರೆ ಒಟ್ಟು ಮಟ್ಟ ಸರಿಯಾಗಿ ಕಂಡರೂ ಬಿಡಿ ಔಷಧ ಜಾಸ್ತಿ ಇರಬಹುದು.

ಪ್ರಶ್ನೆ: ಎಂಎಸ್ಸಿ ಪ್ರಾಜೆಕ್ಟ್‌ಗೆ ಪ್ಯಾರಾಸಿಟಮಾಲ್ ಅಚ್ಚು ಹಾಕಿದ ಪಾಲಿಮರ್ ಸೆನ್ಸರ್ ಮಾಡಿದ್ದೇನೆ. ಕರೆಂಟಿನ ಪೀಕ್ (ಗ್ರಾಫ್‌ನಲ್ಲಿ ಕಾಣುವ ಏರು) ಚೆನ್ನಾಗಿ ಬರ್ತಿದೆ. ಆದರೂ ಔಷಧ ಹಾಕದೆ ಇನ್ನೊಂದು ಪಾಲಿಮರ್ ಮಾಡಿ ಅಂತಾರೆ ಗೈಡ್. ಸುಮ್ನೆ ಯಾಕೆ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮ್ಮ ಗೈಡ್ ಹೇಳಿದ್ದು ಸರಿ. ಪ್ಯಾರಾಸಿಟಮಾಲ್ ಬರೀ ಕಾರ್ಬನ್ ಎಲೆಕ್ಟ್ರೋಡ್ ಮೇಲೂ ಸುಲಭವಾಗಿ ಎಲೆಕ್ಟ್ರಾನ್ ಬಿಡುತ್ತದೆ. ಪೀಕ್ ಬಂದ ಮಾತ್ರಕ್ಕೆ ಅಚ್ಚು ಕೆಲಸ ಮಾಡಿತು ಅನ್ನಲು ಆಗದು. ಅದೇ ಮಾನೋಮರ್ (ಪಾಲಿಮರ್ ಕಟ್ಟುವ ಚಿಕ್ಕ ಅಣು), ಅಷ್ಟೇ ಸೈಕಲ್ (ವೋಲ್ಟೇಜ್ ಏರಿಸಿ ಇಳಿಸುವ ಸುತ್ತು), ಅದೇ ತೊಳೆತ. ಔಷಧ ಮಾತ್ರ ಇಲ್ಲದೆ ಇನ್ನೊಂದು ಪದರ ಬೆಳೆಸಿ. ಅದರಲ್ಲೂ ಅಷ್ಟೇ ಕರೆಂಟ್ ಬಂದರೆ ಔಷಧ ಗುಳಿಯಲ್ಲಿ ಕೂತಿಲ್ಲ, ಸುಮ್ನೆ ಮೇಲ್ಮೈಗೆ ಅಂಟಿದೆ ಅಂತ ಅರ್ಥ.

ಇನ್ನೊಂದು ವಿಷಯ. ಮೆಥನಾಲ್-ಅಸಿಟಿಕ್ ಆಸಿಡ್‌ನಲ್ಲಿ ತೊಳೆದ ಮೇಲೆ ಔಷಧವಿಲ್ಲದ ಖಾಲಿ ಬಫರ್‌ನಲ್ಲಿ (ಆಮ್ಲೀಯತೆ ಬದಲಾಗದಂತೆ ಕಾಯುವ ದ್ರಾವಣ) ಸ್ಕ್ಯಾನ್ ಮಾಡಿ. ಅಲ್ಲಿ ಪೀಕ್ ಕಂಡರೆ ಅಚ್ಚಿಗೆ ಹಾಕಿದ ಔಷಧವೇ ಇನ್ನೂ ಒಳಗೆ ಉಳಿದು ಸೋರುತ್ತಿದೆ. ಮತ್ತೆ ತೊಳೆಯಿರಿ. ಆಸ್ಕಾರ್ಬಿಕ್ ಆಸಿಡ್, ಯೂರಿಕ್ ಆಸಿಡ್ ಸೇರಿಸಿಯೂ ನೋಡಿ. ರಕ್ತದಲ್ಲಿ ಎರಡೂ ಇರುತ್ತವೆ, ಅವೂ ಎಲೆಕ್ಟ್ರೋಡ್ ಮೇಲೆ ಎಲೆಕ್ಟ್ರಾನ್ ಬಿಡುತ್ತವೆ. ಮೊದಲು ಮಾತ್ರೆ ಪುಡಿ ಮಾಡಿ ಅಳೆಯಿರಿ, ಅದರ ಮೇಲೆ ಬರೆದ ಮಿಲಿಗ್ರಾಂ ಜೊತೆ ಹೋಲಿಸಲು ಸುಲಭ. ಅದು ತಾಳೆಯಾದ ಮೇಲೆ ಸೀರಮ್‌ಗೆ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿ ದ್ರವ) ಹೋಗಿ.