36 ವರ್ಷ, ಮದುವೆ ಬೇಡ, ಮಗು ಬೇಕು. ಒಬ್ಬಳೇ ತಾಯಿಯಾಗಲು ಆಗುತ್ತಾ?

ಖಂಡಿತ ಆಗುತ್ತೆ. ನಾನು ಆಗಿದ್ದೇನೆ. ಮೈಸೂರಿನಲ್ಲಿದ್ದೇನೆ, ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ. ಮದುವೆಯಾಗಿಲ್ಲ. ಮಗಳನ್ನು ದತ್ತು ತೆಗೆದುಕೊಂಡಿದ್ದೇನೆ.

ನೀವು ಮೂರು ವಿಷಯ ಕೇಳಿದ್ದೀರಿ. ಕಾನೂನು ಒಪ್ಪುತ್ತಾ, ಒಬ್ಬಳೇ ಹೇಗೆ ನಿಭಾಯಿಸೋದು, ಅಪ್ಪ ಎಲ್ಲಿ ಅಂತ ಮಗು ಕೇಳಿದರೆ ಏನು ಹೇಳೋದು. ಇದೆಲ್ಲ ಸ್ವಾರ್ಥ ಅಂತ ನಿಮ್ಮ ಅಮ್ಮ ಅಂದಿದ್ದನ್ನೂ ಬರೆದಿದ್ದೀರಿ.

ಕಾನೂನಿನ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮದುವೆಯಾಗದ ಹೆಂಗಸು ದತ್ತು ತೆಗೆದುಕೊಳ್ಳಬಹುದು ಅಂತ 1956ರ ಹಿಂದೂ ದತ್ತು ಕಾಯ್ದೆಯಲ್ಲೇ ಇತ್ತು. ಈಗ ಎಲ್ಲ ಧರ್ಮದವರಿಗೂ 2015ರ ಬಾಲನ್ಯಾಯ ಕಾಯ್ದೆಯ ದಾರಿ ಇದೆ. ಒಂಟಿ ಗಂಡಸಿಗೆ ಹೆಣ್ಣುಮಗು ಕೊಡುವುದಿಲ್ಲ. ಒಂಟಿ ಹೆಂಗಸು ಗಂಡು, ಹೆಣ್ಣು ಯಾವ ಮಗುವನ್ನಾದರೂ ತೆಗೆದುಕೊಳ್ಳಬಹುದು. ನೀವು ನೋಡಬೇಕಾದ್ದು ವಯಸ್ಸನ್ನು. 2022ರ ನಿಯಮದ ಪ್ರಕಾರ ಎರಡು ವರ್ಷದೊಳಗಿನ ಮಗು ಬೇಕಿದ್ದರೆ ಒಂಟಿಯಾಗಿರುವವರಿಗೆ 40 ದಾಟಿರಬಾರದು. ಎರಡರಿಂದ ನಾಲ್ಕು ವರ್ಷದ ಮಗುವಿಗೆ 45, ನಾಲ್ಕರಿಂದ ಎಂಟಕ್ಕೆ 50, ಅದಕ್ಕಿಂತ ದೊಡ್ಡ ಮಕ್ಕಳಿಗೆ 55. ಪುಟ್ಟ ಮಗುವೇ ಬೇಕು ಅಂದರೆ ಕಾಯುವುದೇ ಮೂರು ವರ್ಷದ ಮೇಲಾಗಬಹುದು. ಆದ್ದರಿಂದ "ಇನ್ನೊಂದೆರಡು ವರ್ಷ ನೋಡೋಣ" ಅಂತ ಕೂರಬೇಡಿ.

ಹೆತ್ತೇ ತಾಯಿಯಾಗಬೇಕು ಅಂತಿದ್ದರೆ ಅದಕ್ಕೂ ದಾರಿ ಇದೆ. 2021ರ ಎಆರ್‌ಟಿ ಕಾಯ್ದೆ, ಅಂದರೆ ಐವಿಎಫ್‌ನಂಥ ಗರ್ಭಧಾರಣೆಯ ಚಿಕಿತ್ಸೆಗಳ ಕಾಯ್ದೆ, 21ರಿಂದ 50 ವರ್ಷದ ಒಂಟಿ ಹೆಂಗಸರಿಗೂ ದಾನಿಯ ವೀರ್ಯದಿಂದ ಚಿಕಿತ್ಸೆ ಪಡೆಯಲು ಅವಕಾಶ ಕೊಟ್ಟಿದೆ. ನೋಂದಣಿಯಾದ ವೀರ್ಯ ಬ್ಯಾಂಕು, ನೋಂದಣಿಯಾದ ಕ್ಲಿನಿಕ್ಕು ಮಾತ್ರ. ಬಾಡಿಗೆ ತಾಯ್ತನ ಮದುವೆಯಾಗದವರಿಗೆ ಇಲ್ಲ, ಒಂಟಿಯಾಗಿರುವವರಲ್ಲಿ 35ರಿಂದ 45ರೊಳಗಿನ ವಿಧವೆಯರಿಗೆ, ವಿಚ್ಛೇದನ ಆದವರಿಗೆ ಮಾತ್ರ. ಆ ದಾರಿಯಲ್ಲಿ ನಾನು ಹೋಗಿಲ್ಲ, ಹಾಗಾಗಿ ನನ್ನ ದಾರಿಯದ್ದೇ ಹೇಳುತ್ತೇನೆ.

ಕಾರಾ, ಅಂದರೆ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ನೋಂದಣಿ ಮಾಡಿಸಬೇಕು. ಪಾನ್ ಕಾರ್ಡು, ಜನನ ಪ್ರಮಾಣಪತ್ರ, ಆದಾಯದ ದಾಖಲೆ, ವೈದ್ಯರ ಸರ್ಟಿಫಿಕೇಟು, ಇಂಥವೆಲ್ಲ ಸಲೀಸಾಗಿ ಆಗುತ್ತವೆ. ನಾನು ನಿಂತುಬಿಟ್ಟಿದ್ದು ಇನ್ನೊಂದು ಕಾಗದದ ಹತ್ತಿರ. ಒಂಟಿಯಾಗಿ ದತ್ತು ತೆಗೆದುಕೊಳ್ಳುವವರಿಗೆ ಏನಾದರೂ ಆದರೆ ಮಗುವನ್ನು ನಾವು ನೋಡಿಕೊಳ್ಳುತ್ತೇವೆ ಅಂತ ಹತ್ತಿರದವರೊಬ್ಬರು ಬರೆದು ಸಹಿ ಹಾಕಿಕೊಡಬೇಕು. ಒಂದೇ ಹಾಳೆ. ಅಮ್ಮನಿಗೆ ವಯಸ್ಸಾಗಿದೆ, ಅಣ್ಣ ದೂರ. "ಯಾವಾಗ ಬೇಕಾದ್ರೂ ಫೋನ್ ಮಾಡು" ಅನ್ನುವ ಸ್ನೇಹಿತರು ಬೇಕಾದಷ್ಟಿದ್ದರು. ಅವರಲ್ಲಿ ಯಾರ ಮುಂದೆ ಈ ಹಾಳೆ ಇಡಲಿ ಅಂತ ಯೋಚಿಸಿದಾಗ ಒಂದೊಂದೇ ಹೆಸರು ಬಿಟ್ಟುಹೋಯಿತು.

ಕೊನೆಗೆ ಹಾಸನದಲ್ಲಿರುವ ದೊಡ್ಡಮ್ಮನ ಮಗಳ ಮನೆಗೆ ಹೋದೆ. ಅಕ್ಕ ತಕ್ಷಣ ಪೆನ್ನು ಹುಡುಕಿದಳು. ಭಾವ ತಡೆದರು. "ಇರು, ಹುಡುಗರನ್ನೂ ಕೇಳೋಣ" ಅಂದರು. ನನಗೆ ಎದೆ ಧಸಕ್ಕೆಂದಿತು. ಊಟ ಆದಮೇಲೆ ಇಬ್ಬರು ಗಂಡುಮಕ್ಕಳನ್ನೂ ಕೂರಿಸಿಕೊಂಡು ವಿಷಯ ಹೇಳಿದರು. ದೊಡ್ಡವನು ಆಗ ಪಿಯುಸಿ. "ಅವಳು ಇಲ್ಲಿಗೆ ಬರೋ ಹಾಗಾದ್ರೆ ನನ್ನ ರೂಮು ಬಿಟ್ಟುಕೊಡಬೇಕಾ ಚಿಕ್ಕಮ್ಮ?" ಅಂತ ಕೇಳಿದ. ಬೇಕಾಗಬಹುದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಆದ್ರೆ ನನ್ನ ಕ್ರಿಕೆಟ್ ಕಿಟ್ ಅಲ್ಲೇ ಇರುತ್ತೆ" ಅಂದ. ಆಮೇಲೆ ಅಕ್ಕ, ಭಾವ ಇಬ್ಬರೂ ಸಹಿ ಹಾಕಿದರು. ಭಾವ ಹಾಗೆ ಕೇಳಿದ್ದಕ್ಕೆ ನಾನು ಇವತ್ತಿಗೂ ಋಣಿ. ಆ ಮನೆಯಲ್ಲಿ ನನ್ನ ಮಗಳು ಬರುವ ಮುಂಚೆಯೇ ಅವಳಿಗೊಂದು ಜಾಗ ಆಗಿತ್ತು.

ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ ಇದೇ. ಒಬ್ಬಳೇ ತಾಯಿ ಅಂದರೆ ಗಂಡ ಇಲ್ಲ ಅಂತ ಅಷ್ಟೇ. ಜನ ಬೇಕೇ ಬೇಕು. ದುಡ್ಡು, ಧೈರ್ಯ ಎಲ್ಲ ನಿಮಗಿದೆ ಅಂತ ನಿಮ್ಮ ಪ್ರಶ್ನೆ ಓದಿದರೇ ಗೊತ್ತಾಗುತ್ತೆ. ಆದರೆ ರಾತ್ರಿ ನಿಮಗೇ ಜ್ವರ ಬಂದಾಗ ಮಗುವಿಗೆ ಗಂಜಿ ಕಾಯಿಸಿ ಕೊಡುವವರು ಯಾರು? ಹೆಸರು ಹಿಡಿದು ಹೇಳಲು ಆಗಬೇಕು. ನಾನು ಮಗಳು ಬರುವ ಮುಂಚೆ ಹಳೇ ಮನೆ ಬಿಟ್ಟು ಅಮ್ಮನ ಮನೆಯ ಪಕ್ಕದ ರಸ್ತೆಗೆ ಬಂದೆ. ಬಾಡಿಗೆ ಜಾಸ್ತಿ, ಮನೆ ಚಿಕ್ಕದು. ಆದರೂ ನಾನು ಮಾಡಿದ ಅತಿ ಒಳ್ಳೆ ಕೆಲಸ ಅದು. ಟರ್ಮ್ ಇನ್ಶೂರೆನ್ಸ್ ಮಾಡಿಸಿದೆ. ವಕೀಲರ ಹತ್ತಿರ ಉಯಿಲು ಬರೆಸಿ, ಮಗಳ ಪಾಲಕರಾಗಿ ಅಕ್ಕನ ಹೆಸರು ಹಾಕಿಸಿದೆ.

ಹೋಮ್ ಸ್ಟಡಿಗೆ, ಅಂದರೆ ದತ್ತು ಕೊಡುವ ಮುಂಚೆ ನಮ್ಮ ಮನೆ, ಪರಿಸ್ಥಿತಿ ನೋಡಲು ಬಂದ ಸಮಾಜ ಕಾರ್ಯಕರ್ತೆ ಕೇಳಿದ್ದೂ ಹೆಚ್ಚಾಗಿ ಜನರ ಬಗ್ಗೆಯೇ. ಮುಂದೆ ಮದುವೆಯಾದರೆ ಏನು ಮಾಡುತ್ತೀರಿ ಅಂತಲೂ ಕೇಳಿದರು. ಇದ್ದದ್ದು ಇದ್ದ ಹಾಗೆ ಹೇಳಿ, ಸಾಕು. ನಿಮ್ಮ ಸರದಿ ಬಂದಾಗ ಮಗುವಿನ ಫೋಟೊ, ಆರೋಗ್ಯದ ವರದಿ ತೋರಿಸುತ್ತಾರೆ. ಆ ಮಗುವನ್ನು ನಿಮ್ಮ ಹೆಸರಿಗೆ ಕಾಯ್ದಿರಿಸಲು 48 ಗಂಟೆ. ಮಕ್ಕಳ ವೈದ್ಯರೊಬ್ಬರನ್ನು ಮೊದಲೇ ಮಾತಾಡಿಸಿಟ್ಟುಕೊಳ್ಳಿ, ಆ ಹೊತ್ತಿನಲ್ಲಿ ಹುಡುಕಲು ಆಗಲ್ಲ. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡುವುದು ಜಿಲ್ಲಾಧಿಕಾರಿ, ಕೋರ್ಟಿಗೆ ಅಲೆಯಬೇಕಿಲ್ಲ. ಕಾಯೋದು ಬೇಸರವಾಗಿ, ಯಾರೋ ನರ್ಸಿಂಗ್ ಹೋಮಿನಿಂದ ನೇರವಾಗಿ ಮಗು ಕೊಡಿಸುತ್ತೇನೆ ಅಂದರೆ ದಯವಿಟ್ಟು ಹೋಗಬೇಡಿ. ಮಗುವನ್ನು ಕೊಳ್ಳುವುದಕ್ಕೆ ಐದು ವರ್ಷದವರೆಗೆ ಜೈಲು ಇದೆ. ಅದಕ್ಕಿಂತ ಮುಖ್ಯ, ಆ ಮಗು ಯಾರ ಮಡಿಲಿಂದ ಹೇಗೆ ಬಂತು ಅಂತ ನಿಮಗೆ ಎಂದೂ ಗೊತ್ತಾಗಲ್ಲ.

ಮಗಳು ಬಂದಾಗ ಅವಳಿಗೆ ಒಂದೂವರೆ ವರ್ಷ. ಆಗಿನ ಕಾನೂನಿನಲ್ಲಿ ಮೂರು ತಿಂಗಳೊಳಗಿನ ಮಗುವನ್ನು ದತ್ತು ತೆಗೆದುಕೊಂಡರೆ ಮಾತ್ರ 12 ವಾರ ರಜೆ, ಹಾಗಾಗಿ ಕೂಡಿಟ್ಟಿದ್ದ ರಜೆಯನ್ನೆಲ್ಲ ಹಾಕಿದೆ. ಮೊದಮೊದಲು ಅವಳು ರಾತ್ರಿ ಎದ್ದರೂ ಅಳುತ್ತಿರಲಿಲ್ಲ. ಕಣ್ಣು ಬಿಟ್ಟುಕೊಂಡು ಸುಮ್ಮನೆ ಮಲಗಿರುತ್ತಿದ್ದಳು. ಎಷ್ಟು ಒಳ್ಳೆ ಮಗು ಅಂತ ಬಂದವರೆಲ್ಲ ಹೊಗಳಿದರು. ವೈದ್ಯರು ಮಾತ್ರ, "ಅತ್ತರೆ ಯಾರಾದ್ರೂ ಬರ್ತಾರೆ ಅಂತ ಅವಳಿಗೆ ಇನ್ನೂ ಗೊತ್ತಿಲ್ಲ" ಅಂದರು. ಅವಳು ಎಚ್ಚರವಾದಾಗಲೆಲ್ಲ ನಾನೇ ಎತ್ತಿಕೊಳ್ಳಲು ಶುರುಮಾಡಿದೆ. ಒಂದು ರಾತ್ರಿ ಬೀದಿಗೆಲ್ಲ ಕೇಳುವ ಹಾಗೆ ಅತ್ತಳು. ಬೆಳಿಗ್ಗೆ ಅಮ್ಮ ಗಾಬರಿಯಿಂದ ಓಡಿಬಂದರೆ ನಾನು ಖುಷಿಯಲ್ಲಿ ಅಳುತ್ತಿದ್ದೆ.

ಅಪ್ಪನ ಹೆಸರಿನ ಕಾಲಂ ಬಗ್ಗೆ. ಮದುವೆಯಾಗದ ತಾಯಿ ತಂದೆಯ ಹೆಸರು ಹೇಳದೆಯೇ ಪಾಲಕಿಯಾಗಬಹುದು ಅಂತ ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ. ಪಾಸ್‌ಪೋರ್ಟಿಗೆ 2016ರಿಂದ, ಪಾನ್ ಕಾರ್ಡಿಗೆ 2018ರಿಂದ ತಾಯಿಯ ಹೆಸರೊಂದೇ ಸಾಕು. ಆದರೂ ಶಾಲೆಯ ಆಫೀಸಿನಲ್ಲಿ "ಏನಾದ್ರೂ ಒಂದು ಹೆಸರು ಹಾಕಿ ಮೇಡಂ" ಅಂದರು. ಹಾಕಲಿಲ್ಲ. ದತ್ತು ಆದೇಶದ ಪ್ರತಿ ಕೊಟ್ಟು ಅಲ್ಲೇ ಕುಳಿತೆ.

ಮಗುವಿಗೂ ಸುಳ್ಳು ಹೆಸರು, ಸುಳ್ಳು ಕಥೆ ಬೇಡ. ಅಪ್ಪ ಫಾರಿನ್‌ನಲ್ಲಿದ್ದಾರೆ, ದೇವರ ಹತ್ತಿರ ಹೋದರು, ಇವೆಲ್ಲ ಒಂದಲ್ಲ ಒಂದು ದಿನ ಒಡೆಯುತ್ತವೆ. ಅವಳಿಗೆ ಮಾತು ಬರುವ ಮುಂಚಿನಿಂದಲೇ ಹೇಳುತ್ತಾ ಬಂದಿದ್ದೇನೆ. ನಿನ್ನನ್ನು ಹೆತ್ತವರು ಬೇರೆ, ಅವರು ಯಾರು ಅಂತ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಅಮ್ಮ ಇದ್ದಾಳೆ, ಅಜ್ಜಿ ಇದ್ದಾಳೆ, ಅಪ್ಪ ಇಲ್ಲ. 18 ತುಂಬಿದ ಮೇಲೆ ತನ್ನ ಮೂಲ ಹುಡುಕಲು ಅವಳೇ ಅರ್ಜಿ ಹಾಕಬಹುದು. ಆಗ ಜೊತೆಗೆ ಹೋಗುತ್ತೇನೆ.

ಇನ್ನು ಸ್ವಾರ್ಥದ ಮಾತು. ಮಗು ಬೇಕು ಅನ್ನುವ ಆಸೆ ಮದುವೆಯಾದವರಿಗೂ ತಮಗಾಗಿಯೇ ಹುಟ್ಟುತ್ತೆ ಅಲ್ವಾ? ಅದಕ್ಕೆ ನಾಚಿಕೊಳ್ಳಬೇಡಿ. ನನಗೆ ಸಹಿಸಲಾಗದ್ದು ಇದರ ತಿರುಗುಮುರುಗು ಮಾತು. "ಅನಾಥ ಮಗುವಿಗೆ ಬಾಳು ಕೊಟ್ಟೆ, ಪುಣ್ಯ ಕಟ್ಟಿಕೊಂಡೆ" ಅಂತ ನೆಂಟರು ಮಗುವಿನ ಎದುರೇ ಹೇಳುತ್ತಾರೆ. ಅಲ್ಲೇ ತಡೆಯಿರಿ. ಯಾರ ಮಗುವೂ ಜೀವನವಿಡೀ ಅಮ್ಮನಿಗೆ ಥ್ಯಾಂಕ್ಸ್ ಹೇಳುತ್ತಾ ಬೆಳೆಯಬಾರದು.

ನಿಮ್ಮ ಅಮ್ಮ ಈಗಲೇ ಒಪ್ಪಬೇಕಿಲ್ಲ. ನನ್ನಮ್ಮ ಹೋಮ್ ಸ್ಟಡಿಯ ದಿನವೂ ಮುಖ ಗಂಟು ಹಾಕಿಕೊಂಡೇ ಕಾಫಿ ಕೊಟ್ಟರು. ನೋಂದಣಿ ಮಾಡಿಸಿದ ಮಾತ್ರಕ್ಕೆ ಮಗು ತೆಗೆದುಕೊಳ್ಳಲೇಬೇಕು ಅಂತ ಇಲ್ಲ, ಕಾಯುವ ವರ್ಷಗಳಲ್ಲಿ ಮನೆಯವರ ಮನಸ್ಸಿಗೂ ಸಮಯ ಸಿಗುತ್ತೆ. ನೀವು ಮೊದಲು ಆ ಸಹಿ ಯಾರದ್ದು ಅಂತ ಯೋಚನೆ ಮಾಡಿ, ಅವರ ಮನೆಗೆ ಹೋಗಿ ಎದುರು ಕೂತು ಕೇಳಿ. ಫೋನಿನಲ್ಲಿ ಬೇಡ. ಅವರ ಮನೆಯ ಎಲ್ಲರೂ ಇರುವ ದಿನ ನೋಡಿಕೊಂಡು ಹೋಗಿ.