ಸಂಧಿವಾತದಲ್ಲಿ ರೋಗನಿರೋಧಕ ಕೋಶಗಳ ಪಾತ್ರ

ಪ್ರಶ್ನೆ: ನಮ್ಮ ಅವ್ವನಿಗೆ 46 ವರ್ಷ. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾರೆ. ನಾಲ್ಕು ತಿಂಗಳಿಂದ ಎರಡೂ ಮಣಿಕಟ್ಟುಗಳು ಮತ್ತು ಬೆರಳುಗಳ ಬುಡದ ಗೆಣ್ಣುಗಳು ಬಾತಿವೆ. ಬೆಳಿಗ್ಗೆ ಎದ್ದ ಮೇಲೆ ಒಂದು ತಾಸಿಗೂ ಹೆಚ್ಚು ಹೊತ್ತು ಮುಷ್ಟಿ ಕಟ್ಟಲು ಬರುವುದಿಲ್ಲ. ಹುಬ್ಬಳ್ಳಿಯಲ್ಲಿ ತೋರಿಸಿದಾಗ ಆಂಟಿ-ಸಿಸಿಪಿ ಹೆಚ್ಚಿದೆ, ಇದು ರುಮಟಾಯ್ಡ್ ಸಂಧಿವಾತ, ರೋಗನಿರೋಧಕ ಕೋಶಗಳೇ ಕೀಲುಗಳ ಮೇಲೆ ದಾಳಿ ಮಾಡುತ್ತಿವೆ ಎಂದರು. ಹಾಗಾದರೆ ರೋಗನಿರೋಧಕ ಶಕ್ತಿ ಹೆಚ್ಚಿಸುವ ಔಷಧ ಕೊಡಬೇಕಲ್ಲವೇ? ಮೆಥೊಟ್ರೆಕ್ಸೇಟ್ ಕ್ಯಾನ್ಸರ್ ಮಾತ್ರೆ ಎಂದು ಯಾರೋ ಹೇಳಿದ್ದರಿಂದ ಅವ್ವ ಅದನ್ನು ಇನ್ನೂ ಶುರು ಮಾಡಿಲ್ಲ.
— ಓದುಗರೊಬ್ಬರು, ಬ್ಯಾಡಗಿ

ಉತ್ತರ: ಬೇಡ. ನಿಮ್ಮ ತಾಯಿಯವರ ರೋಗನಿರೋಧಕ ಶಕ್ತಿ ಕುಂದಿಲ್ಲ. ಅದು ದಾರಿ ತಪ್ಪಿದೆ. ತೊಟ್ಟು ಬಿಡಿಸುವ ಕೆಲಸ ನೋವನ್ನು ಹೆಚ್ಚಿಸಬಹುದು, ಆದರೆ ಈ ರೋಗ ಬೆರಳು ಸವೆದು ಬರುವಂಥದ್ದಲ್ಲ.

ಕೀಲಿನ ಒಳಗೆ ಸೈನೋವಿಯಂ ಎಂಬ ತೆಳುವಾದ ಪೊರೆಯಿದೆ. ಕೀಲು ಸರಾಗವಾಗಿ ಆಡಲು ಬೇಕಾದ ದ್ರವವನ್ನು ಒಸರಿಸುವುದು ಅದರ ಕೆಲಸ. ರೋಗ ಕಾಣಿಸಿಕೊಳ್ಳುವುದು ಇಲ್ಲಿಯಾದರೂ, ಮೊಳಕೆಯೊಡೆಯುವುದು ಬಹುಶಃ ಬೇರೆಡೆ, ಅಂದರೆ ಶ್ವಾಸಕೋಶದಲ್ಲಿ ಅಥವಾ ಒಸಡಿನಲ್ಲಿ. ಬೀಡಿ, ಸಿಗರೇಟಿನ ಹೊಗೆಯಿಂದಲೋ ಒಸಡಿನ ಸೋಂಕಿನಿಂದಲೋ ಅಲ್ಲಿನ ಕೆಲವು ಪ್ರೋಟೀನುಗಳ ರಚನೆ ಬದಲಾಗಿ, ಅವುಗಳಲ್ಲಿದ್ದ ಆರ್ಜಿನಿನ್ ಎಂಬ ಅಮೈನೋ ಆಮ್ಲ ಸಿಟ್ರುಲಿನ್ ಎಂಬ ಇನ್ನೊಂದು ಅಮೈನೋ ಆಮ್ಲವಾಗುತ್ತದೆ. ಎಚ್‌ಎಲ್‌ಎ-ಡಿಆರ್‌ಬಿ1 ಎಂಬ ಜೀನಿನ ಕೆಲವು ಬಗೆಗಳನ್ನು ಹುಟ್ಟಿನಿಂದಲೇ ಪಡೆದವರಲ್ಲಿ ಟಿ ಕೋಶಗಳು ಎಂಬ ಬಿಳಿ ರಕ್ತಕಣಗಳು ಈ ಬದಲಾದ ಪ್ರೋಟೀನನ್ನು ಪರಕೀಯವೆಂದು ಭಾವಿಸಿ, ಬಿ ಕೋಶಗಳು ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕಣಗಳನ್ನು ಪ್ರಚೋದಿಸುತ್ತವೆ. ಬಿ ಕೋಶಗಳು ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತವೆ. ನಿಮ್ಮ ತಾಯಿಯವರ ಪರೀಕ್ಷೆಯಲ್ಲಿ ಹೆಚ್ಚೆಂದು ಬಂದ ಆಂಟಿ-ಸಿಸಿಪಿ ಈ ಪ್ರತಿಕಾಯವೇ. ಮೊದಲ ನೋವಿಗಿಂತ ಹಲವು ವರ್ಷ ಮುಂಚೆಯೇ ಅದು ರಕ್ತದಲ್ಲಿ ಇರಬಹುದು. ಆದ್ದರಿಂದ ನಾಲ್ಕು ತಿಂಗಳ ಹಿಂದೆ ಏನು ತಿಂದದ್ದರಿಂದ, ಯಾವ ಕೆಲಸ ಮಾಡಿದ್ದರಿಂದ ಹೀಗಾಯಿತು ಎಂದು ಮನೆಯವರು ಹುಡುಕುತ್ತ ಕೊರಗಬೇಕಾಗಿಲ್ಲ.

ಕೀಲಿನ ಪೊರೆಯೊಳಗೆ ಸೇರಿಕೊಂಡ ಈ ಕೋಶಗಳ ಜೊತೆ ಮ್ಯಾಕ್ರೋಫೇಜ್ ಎಂಬ ಕಬಳಿಸುವ ಕೋಶಗಳೂ ಎಚ್ಚೆತ್ತಾಗ ನಿಜವಾದ ಹಾನಿ ಆರಂಭವಾಗುತ್ತದೆ. ಅವು ಸುರಿಸುವ ಟಿಎನ್‌ಎಫ್ ಮತ್ತು ಇಂಟರ್‌ಲ್ಯೂಕಿನ್-6 ಎಂಬ ರಾಸಾಯನಿಕಗಳು ರಕ್ತದಿಂದ ಇನ್ನಷ್ಟು ಕೋಶಗಳನ್ನು ಕರೆತರುತ್ತವೆ. ಪೊರೆ ದಪ್ಪವಾಗಿ ಮೃದ್ವಸ್ಥಿಯ ಮೇಲೆ ಹಬ್ಬುತ್ತದೆ. ಟಿ ಕೋಶಗಳು ಮತ್ತು ಪೊರೆಯ ಕೋಶಗಳು ಕೊಡುವ ಇನ್ನೊಂದು ಸಂಕೇತದಿಂದ ಆಸ್ಟಿಯೋಕ್ಲಾಸ್ಟ್ ಎಂಬ ಕೋಶಗಳು ಹುಟ್ಟಿ ಮೂಳೆಯನ್ನು ಕರಗಿಸತೊಡಗುತ್ತವೆ. ಊತವನ್ನು ಔಷಧದಿಂದ ಇಳಿಸಬಹುದು, ಆದರೆ ಹೀಗೆ ಕರಗಿದ ಮೂಳೆ ಮತ್ತೆ ಮೊದಲಿನಂತಾಗುವುದು ತೀರಾ ಅಪರೂಪ. ಇಂಟರ್‌ಲ್ಯೂಕಿನ್-6 ಯಕೃತ್ತಿಗೂ ತಲುಪುವುದರಿಂದ ಉರಿಯೂತವನ್ನು ತೋರಿಸುವ ಸಿಆರ್‌ಪಿ ಎಂಬ ಪ್ರೋಟೀನು ರಕ್ತದಲ್ಲಿ ಏರುತ್ತದೆ, ರಕ್ತಹೀನತೆ ಮತ್ತು ಆಯಾಸ ಕಾಡುತ್ತವೆ. ತಾಯಿಯವರು ಸುಸ್ತು ಎಂದರೆ ಅದನ್ನು ಸೋಮಾರಿತನವೆಂದು ದಯವಿಟ್ಟು ಯಾರೂ ತಿಳಿಯಬಾರದು.

ಮೆಥೊಟ್ರೆಕ್ಸೇಟ್ ಅನ್ನು ಕ್ಯಾನ್ಸರಿಗೆ ಬಳಸುವುದು ನಿಜ, ಆದರೆ ಅಲ್ಲಿ ಕೊಡುವ ಪ್ರಮಾಣ ಬಹಳ ದೊಡ್ಡದು. ಸಂಧಿವಾತಕ್ಕೆ ವಾರಕ್ಕೆ ಸಾಮಾನ್ಯವಾಗಿ 7.5ರಿಂದ 25 ಮಿಲಿಗ್ರಾಂ ಮಾತ್ರ ಕೊಡಲಾಗುತ್ತದೆ, ಮತ್ತು ಅದು ಕೋಶಗಳ ಉದ್ರೇಕವನ್ನು ತಗ್ಗಿಸುತ್ತದೆ. ಇದನ್ನು ವಾರದಲ್ಲಿ ಒಂದೇ ದಿನ ತೆಗೆದುಕೊಳ್ಳಬೇಕು. ತಪ್ಪಿ ದಿನಾಲೂ ನುಂಗಿದರೆ ಪ್ರಾಣಕ್ಕೇ ಅಪಾಯ. ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಮಾತ್ರೆಯನ್ನು ನೀವೇ ಕೈಗೆ ಕೊಡಿ. ವೈದ್ಯರು ಹೇಳಿದಂತೆ ಫೋಲಿಕ್ ಆಮ್ಲವನ್ನೂ ಕೊಡಿ, ರಕ್ತಕಣ ಮತ್ತು ಯಕೃತ್ತಿನ ಪರೀಕ್ಷೆಗಳನ್ನು ತಪ್ಪಿಸಬೇಡಿ. ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕಾಗಬಹುದು.

ಇದರಿಂದ ಸಾಲದಿದ್ದರೆ ಒಂದೊಂದು ಕೋಶವನ್ನು, ಒಂದೊಂದು ಸಂಕೇತವನ್ನು ಗುರಿಯಾಗಿಸುವ ಔಷಧಗಳಿವೆ. ರಿಟುಕ್ಸಿಮ್ಯಾಬ್ ಬಿ ಕೋಶಗಳನ್ನು ತಗ್ಗಿಸುತ್ತದೆ, ಅಬಟಾಸೆಪ್ಟ್ ಟಿ ಕೋಶಗಳ ಪ್ರಚೋದನೆಯನ್ನು ತಡೆಯುತ್ತದೆ. ಟಿಎನ್‌ಎಫ್ ಅನ್ನು ತಡೆದರೆ ಕೀಲು ಶಾಂತವಾಗುತ್ತದೆಂದು 1990ರ ದಶಕದಲ್ಲಿ ಲಂಡನ್ನಿನಲ್ಲಿ ತೋರಿಸಿಕೊಟ್ಟವರು ಮಾರ್ಕ್ ಫೆಲ್ಡ್‌ಮನ್ ಮತ್ತು ಲುಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ. 2003ರಲ್ಲಿ ಅವರಿಬ್ಬರಿಗೂ ವೈದ್ಯಕೀಯ ಸಂಶೋಧನೆಗೆ ಅಮೆರಿಕದಲ್ಲಿ ಕೊಡುವ ಲಾಸ್ಕರ್ ಪ್ರಶಸ್ತಿ ಬಂದಿತು. ಅಡಗಿರುವ ಕ್ಷಯದ ಸೋಂಕನ್ನು ಹದ್ದುಬಸ್ತಿನಲ್ಲಿಡಲು ದೇಹಕ್ಕೆ ಟಿಎನ್‌ಎಫ್ ಬೇಕೇ ಬೇಕಾದ್ದರಿಂದ, ನಮ್ಮ ದೇಶದಲ್ಲಿ ಟಿಎನ್‌ಎಫ್ ತಡೆಯುವ ಔಷಧ ಆರಂಭಿಸುವ ಮುನ್ನ ಕ್ಷಯದ ಪರೀಕ್ಷೆ ಕಡ್ಡಾಯವೆಂದೇ ತಿಳಿಯಿರಿ.

ಹೆಸರು, ಚೀಟಿ ಇಲ್ಲದ ನೋವಿನ ಪುಡಿಗಳಿಂದ ದೂರವಿರಿ. ಅವುಗಳಲ್ಲಿ ಸ್ಟಿರಾಯ್ಡ್ ಬೆರೆತಿರಬಹುದು. ಮನೆಯೊಳಗೆ ಯಾರೂ ಬೀಡಿ ಸೇದದಿರಲಿ, ತಾಯಿಯವರ ಒಸಡನ್ನು ದಂತವೈದ್ಯರಿಗೆ ಒಮ್ಮೆ ತೋರಿಸಿ. ಮಾತ್ರೆಯ ಬಗ್ಗೆ ಅಂಜಿಕೆ ಉಳಿದಿದ್ದರೆ ಈ ವಾರವೇ ಅದೇ ವೈದ್ಯರ ಬಳಿ ಹೋಗಿ ಎದುರಿಗೆ ಕುಳಿತು ಕೇಳಿ, ಮೊದಲ ಮಾತ್ರೆ ಯಾವ ದಿನ ಎಂದು ಬರೆಸಿಕೊಂಡು ಬನ್ನಿ. ನಾಲ್ಕು ತಿಂಗಳು ಈಗಾಗಲೇ ಕಳೆದಿವೆ, ಇನ್ನು ತಡಮಾಡಬೇಡಿ.